ಒಂದೆರಡು ಪಾಸ್ ಇದ್ರೆ ನೋಡಿ

ಬೆಂಗಳೂರಿನಲ್ಲಿ ರಂಗಭೂಮಿ ಸಾಯುತ್ತಿದೆ ಎಂದು ಕೊರಗುವವರಲ್ಲಿ ಮೂರು ಪಂಗಡ: ನಾಟಕ ಮಾಡುವವರು, ನಾಟಕಕ್ಕೆ ಅನುದಾನ ಕೇಳುವವರು ಮತ್ತು ನಾಟಕ ನೋಡದವರು. ಈ ಮೂರನೆಯವರ ಕೊರಗೇ ಎಲ್ಲಕ್ಕಿಂತ ಪ್ರಾಮಾಣಿಕ. ಅವರು ಕೊನೆಯ ಸಲ ನೋಡಿದ್ದು ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’. ಅದಾದ ಮೇಲೆ ಹುಟ್ಟಿದ ಮಗ ಈಗ ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾನೆ. “ಈಗೆಲ್ಲಿ ಸಾರ್ ಅಂಥ ನಾಟಕ!” ಎಂದು ನಿಟ್ಟುಸಿರು ಬಿಡುತ್ತಾರೆ. ಎಲ್ಲಿ ಎಂದು ಹುಡುಕುವ ತೊಂದರೆಯನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ.

ಹುಡುಕುವುದಕ್ಕೆ ದುರ್ಬೀನು ಬೇಕಿಲ್ಲ. ಶನಿವಾರ ಬೆಳಿಗ್ಗೆ ಪತ್ರಿಕೆಯ ಮೂಲೆಯಲ್ಲಿ ‘ನಗರದಲ್ಲಿ ಇಂದು’ ಎಂಬ ಇರುವೆಸಾಲಿನ ಅಂಕಣವಿರುತ್ತದೆ. ಅದರಲ್ಲಿ ಶ್ರದ್ಧಾಂಜಲಿ ಸಭೆ, ಉಚಿತ ಕಣ್ಣಿನ ತಪಾಸಣೆ ಮತ್ತು ಹರಿಕಥೆಗಳ ನಡುವೆ ನಾಟಕಗಳೂ ಇರುತ್ತವೆ. ಜೆ.ಪಿ. ನಗರದ ರಂಗಶಂಕರದಲ್ಲಿ ಮಧ್ಯಾಹ್ನ ಮೂರೂವರೆಗೊಂದು, ಸಂಜೆ ಏಳೂವರೆಗೊಂದು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲೊಂದು, ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೊಂದು, ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲೊಂದು, ವೈಟ್‌ಫೀಲ್ಡಿನ ಜಾಗೃತಿಯಲ್ಲಿ ಇಂಗ್ಲಿಷಿನದೊಂದು. ಸಾಯುತ್ತಿರುವ ಕಲೆಯೊಂದು ಒಂದೇ ಶನಿವಾರ ಇಷ್ಟು ಕಡೆ ಉಸಿರಾಡುವುದನ್ನು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಒಂದೇ ದಿನ ಎರಡು ನಾಟಕ ನೋಡುವುದು ಕಷ್ಟ, ನಿಜ. ಆದರೆ ಅದಕ್ಕೆ ಹೊಣೆ ರಂಗಭೂಮಿಯಲ್ಲ, ಸಿಲ್ಕ್ ಬೋರ್ಡ್.

ಹಾಗಾದರೆ ರೋಗ ಏನು? ಪ್ರದರ್ಶನದ ದಿನ ಬೆಳಿಗ್ಗೆ ಯಾವುದಾದರೂ ನಾಟಕ ತಂಡದ ಸಂಚಾಲಕರ ಪಕ್ಕದಲ್ಲಿ ಅರ್ಧ ಗಂಟೆ ಕೂತರೆ ಗೊತ್ತಾಗುತ್ತದೆ. ಒಂದು ಕೈಯಲ್ಲಿ ರಾಜನ ಕಿರೀಟಕ್ಕೆ ಅಂಟು ಹಚ್ಚುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದಿರುತ್ತಾರೆ.

“ಸಾರ್, ನಮಸ್ಕಾರ. ಇವತ್ತು ನಾಟಕ ಅಂತೆ. ಬಹಳ ಸಂತೋಷ. ನಿಮ್ಮಂಥವರಿಂದಲೇ ಕನ್ನಡ ಉಳಿದಿರೋದು.”

“ಬನ್ನಿ ಸಾರ್. ಟಿಕೆಟ್ಟು ಇನ್ನೂರು ರೂಪಾಯಿ, ಆನ್‌ಲೈನಲ್ಲಿ ಇದೆ.”

“ಬರ್ತೀನಿ, ಖಂಡಿತ ಬರ್ತೀನಿ. ಒಂದೆರಡು ಪಾಸ್ ಇದ್ರೆ ನೋಡಿ. ಒಂದೆರಡು ಅಂದ್ರೆ, ನಮ್ಮ ಭಾವಮೈದುನನ ಮನೆಯವರೂ ಬರ್ತಾರೆ, ಆರು.”

ಹೀಗೆ ಕೇಳುವವರು ಬಡವರಲ್ಲ. ಬಡವರಿಗೆ ಪಾಸ್ ಕೇಳಬಹುದು ಎಂಬುದೇ ಗೊತ್ತಿಲ್ಲ. ಅವರು ಕೌಂಟರಿನಲ್ಲಿ ಸಾಲು ನಿಂತು ದುಡ್ಡು ಕೊಡುತ್ತಾರೆ. ಕೇಳುವವರು ಮಾಲ್‌ನಲ್ಲಿ ಒಂದು ಬಕೆಟ್ ಪಾಪ್‌ಕಾರ್ನ್‌ಗೆ ನಾಟಕದ ಟಿಕೆಟ್ಟಿಗಿಂತ ಹೆಚ್ಚು ಕೊಟ್ಟು, ಅರ್ಧವನ್ನು ಸೀಟಿನ ಕೆಳಗೆ ಚೆಲ್ಲಿ, “ಪರವಾಗಿಲ್ಲ ಬಿಡು” ಎನ್ನುವವರು. ಕೇಂದ್ರ ಸರ್ಕಾರ ಕೂಡ 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಹಾಕುವುದಿಲ್ಲ. ಮೊದಲು 250ರವರೆಗೆ ಇದ್ದ ಈ ವಿನಾಯಿತಿ 2018ರಲ್ಲಿ 500ಕ್ಕೆ ಏರಿತು. ತೆರಿಗೆ ಇಲಾಖೆಗೇ ಕನಿಕರ ಹುಟ್ಟಿಸಿದ ಕಲೆ ಇದು. ಭಾವಮೈದುನನಿಗೆ ಮಾತ್ರ ಇನ್ನೂ ಹುಟ್ಟಿಲ್ಲ.

ಸಂಚಾಲಕರೂ ಸಾಚಾ ಅಲ್ಲ. ಅವರು ಪಾಸ್ ಕೊಡುತ್ತಾರೆ, ಯಾಕೆಂದರೆ ಖಾಲಿ ಕುರ್ಚಿ ನೋಡಿದರೆ ನಾಯಕಿಗೆ ಸಂಭಾಷಣೆ ಮರೆಯುತ್ತದೆ. ಹೀಗಾಗಿ ಸಭಾಂಗಣದಲ್ಲಿ ಕೂತವರು ಯಾರು ಎಂದು ತಿರುಗಿ ನೋಡಿದರೆ ಮುಂದಿನ ಎರಡು ಸಾಲು ಸಂಸ್ಕೃತಿ ಇಲಾಖೆಯಲ್ಲಿ ಈಗಿರುವವರು, ಹಿಂದೆ ಇದ್ದವರು ಮತ್ತು ಮುಂದೆ ಬರಬಹುದಾದವರು. ಮೂರು, ನಾಲ್ಕನೇ ಸಾಲು ನಟರ ಅಪ್ಪ, ಅಮ್ಮ, ಅತ್ತಿಗೆ. ಉಳಿದವರು ಇನ್ನೊಂದು ನಾಟಕ ತಂಡದವರು. ಇದು ಶುದ್ಧ ಮದುವೆಮನೆಯ ಮುಯ್ಯಿ: ಈ ಶನಿವಾರ ನಿಮ್ಮ ‘ಹ್ಯಾಮ್ಲೆಟ್’ಗೆ ನಾವು ಬಂದರೆ, ಮುಂದಿನ ಶನಿವಾರ ನಮ್ಮ ‘ತುಘಲಕ್’ಗೆ ನೀವು ಬರಬೇಕು. ಬಾರದಿದ್ದರೆ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಹೊರಗಿನವನೊಬ್ಬ ಅಪ್ಪಿತಪ್ಪಿ ಟಿಕೆಟ್ ಕೊಂಡು ಒಳಗೆ ಬಂದರೆ ಎಲ್ಲರೂ ತಿರುಗಿ ನೋಡಿ, “ಇವರು ಯಾವ ತಂಡ?” ಎಂದು ಪಿಸುಗುಡುತ್ತಾರೆ.

ಮುಯ್ಯಿಯ ನಿಯಮ ಇನ್ನೊಂದಿದೆ: ಊಟ ಹೇಗಿದ್ದರೂ ಚೆನ್ನಾಗಿತ್ತು ಎನ್ನಬೇಕು. ನಾಟಕ ಮುಗಿದ ಮೇಲೆ ನಿರ್ದೇಶಕರು ಬಾಗಿಲ ಬಳಿ ಕೈಮುಗಿದು ನಿಂತಿರುತ್ತಾರೆ. ಪಾಸಿನಲ್ಲಿ ಬಂದವನು ಅವರ ಕೈ ಹಿಡಿದು, “ಅದ್ಭುತ ಸಾರ್, ಆ ಲೈಟಿಂಗ್!” ಎನ್ನುತ್ತಾನೆ. ನಟನೆಯ ಬಗ್ಗೆ ಹೇಳಲು ಏನೂ ಇಲ್ಲದಿದ್ದಾಗ ಲೈಟಿಂಗ್ ಹೊಗಳುವುದು ಬೆಂಗಳೂರಿನ ಶಿಷ್ಟಾಚಾರ. ಲೈಟೂ ಹೇಳಿಕೊಳ್ಳುವಂತಿಲ್ಲದಿದ್ದರೆ “ಬಹಳ ಶ್ರಮ ಪಟ್ಟಿದ್ದೀರಿ” ಎಂಬುದಿದೆ. ಅದರರ್ಥ ನಿರ್ದೇಶಕರಿಗೂ ಗೊತ್ತು. ಆದರೂ ಮರುದಿನ ಅದೇ ಮಾತು ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ “ಹಿರಿಯರ ಮೆಚ್ಚುಗೆ” ಎಂದು ಮೆರೆಯುತ್ತದೆ. ದುಡ್ಡು ಕೊಡದೆ ಬಂದವನು ಹೊಗಳಿಕೆ ಕೊಟ್ಟು ಋಣ ತೀರಿಸಿಕೊಂಡು ಹೋಗುತ್ತಾನೆ. ಕೆಟ್ಟ ನಾಟಕ ಹದಿನೈದು ದಿನ ಬಿಟ್ಟು ಮತ್ತೆ ಪ್ರದರ್ಶನಗೊಳ್ಳುತ್ತದೆ, “ಜನರ ಒತ್ತಾಯದ ಮೇರೆಗೆ.”

ಈ ಉಪಚಾರ ಹಿಂದಿನವರಿಗೆ ಗೊತ್ತಿರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದಲ್ಲಿ ನೆಲಕ್ಕೊಂದು ದರ, ಬೆಂಚಿಗೊಂದು ದರ, ಕುರ್ಚಿಗೊಂದು ದರ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದರು. ಆನೆಗೆ ಪಾಸ್ ತೋರಿಸಿದರೆ ಅದು ತಿನ್ನುವುದಿಲ್ಲ. ಕಬ್ಬೇ ಬೇಕು, ಕಬ್ಬಿಗೆ ಗಲ್ಲಾಪೆಟ್ಟಿಗೆಯೇ ತುಂಬಬೇಕು. ನೆಲದ ಮೇಲೆ ಕೂತ ಪ್ರೇಕ್ಷಕ ಕಾಸು ಕೊಟ್ಟಿದ್ದ, ಆದ್ದರಿಂದ ಹಾಡು ಹಿಡಿಸಿದರೆ “ಒನ್ಸ್ ಮೋರ್” ಎಂದು ಕೂಗುತ್ತಿದ್ದ. ಸಾಯುತ್ತಿದ್ದ ಪಾತ್ರವೂ ಎದ್ದು ಕೂತು ಪದ ಹಾಡಿ ಮತ್ತೆ ಸಾಯಬೇಕಿತ್ತು. ಹಿಡಿಸದಿದ್ದರೆ ಶಿಳ್ಳೆ. ವಿಮರ್ಶೆ ಅಲ್ಲೇ, ಆಗಲೇ, ನಗದು. ವಾಸ್ತವವಾದಿ ರಂಗಭೂಮಿಗೆ ಅದು ಒಗ್ಗಲಿಲ್ಲ ಎಂದು ನಾವು ಒನ್ಸ್ ಮೋರನ್ನು ಓಡಿಸಿದೆವು. ಸರಿಯೇ. ಜೊತೆಗೆ ಶಿಳ್ಳೆಯನ್ನೂ ಓಡಿಸಿದ್ದು ದುಬಾರಿಯಾಯಿತು.

ಇನ್ನು ಸಮಯ. ಬೆಂಗಳೂರಿಗನಿಗೆ ನಾಟಕದ ಬಗ್ಗೆ ಇರುವ ದೊಡ್ಡ ತಕರಾರೆಂದರೆ ಅದು ಶುರುವಾಗುತ್ತದೆ ಎಂಬುದು. ರಂಗಶಂಕರದಲ್ಲಿ ಏಳೂವರೆ ಎಂದರೆ ಏಳೂವರೆ. ಮೂರನೇ ಗಂಟೆ ಹೊಡೆದ ಮೇಲೆ ಬಾಗಿಲು ಮುಚ್ಚಿದರೆ ಮುಚ್ಚಿತು. ತಡವಾಗಿ ಬಂದವರು ಕೆಳಗೆ ಕೆಫೆಯಲ್ಲಿ ಕೂತು ತಮ್ಮ ಟಿಕೆಟ್ಟನ್ನು ತಾವೇ ನೋಡಿಕೊಳ್ಳಬೇಕು. ಈ ನಿಯಮದಿಂದಾಗಿ ಅಲ್ಲಿ ಪ್ರತಿ ವಾರಾಂತ್ಯ ಎರಡು ನಾಟಕ ನಡೆಯುತ್ತವೆ, ಒಳಗೊಂದು, ಹೊರಗೊಂದು. ಹೊರಗಿನದರಲ್ಲಿ ಪಾತ್ರಧಾರಿ ಒಬ್ಬನೇ. ಸಂಭಾಷಣೆಯೂ ಒಂದೇ: “ನಾನು ಯಾರು ಗೊತ್ತಾ?” ಬಾಗಿಲ ಬಳಿ ನಿಂತ ಹುಡುಗಿಗೆ ಗೊತ್ತಿರುವುದಿಲ್ಲ. ಅಸ್ತಿತ್ವದ ಈ ಪ್ರಶ್ನೆಗೆ ಉತ್ತರ ಸಿಗದೆ ಆತ ಟ್ರಾಫಿಕ್ಕನ್ನು ಬೈಯುತ್ತಾನೆ. ಇದೇ ಮನುಷ್ಯ ದೇವನಹಳ್ಳಿಯ ವಿಮಾನಕ್ಕೆ ನಾಲ್ಕು ಗಂಟೆ ಮೊದಲು ಮನೆ ಬಿಡುತ್ತಾನೆ. ವಿಮಾನ ತನಗಾಗಿ ನಿಲ್ಲುವುದಿಲ್ಲ ಎಂಬುದು ಅವನಿಗೆ ಅವಮಾನ ಅನ್ನಿಸುವುದಿಲ್ಲ.

ರಂಗಶಂಕರದ ಕಟ್ಟಡಕ್ಕೆ ಶಂಕರ್ ನಾಗ್ ಹೆಸರು ಇರುವುದರಲ್ಲೇ ಒಂದು ಚುಚ್ಚು ಇದೆ. ಎಂಬತ್ತರ ದಶಕದಲ್ಲೇ ಈ ಊರಿಗೆ ಮೆಟ್ರೊ ಬೇಕು ಎಂದು ಕನಸು ಕಂಡವರು ಅವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಅರುಂಧತಿ ನಾಗ್ ಮತ್ತು ಗೆಳೆಯರು ಊರೂರು ಬಾಗಿಲು ತಟ್ಟಿ 2004ರಲ್ಲಿ ರಂಗಮಂದಿರವನ್ನೇ ಎಬ್ಬಿಸಿ ನಿಲ್ಲಿಸಿದರು. ಸರ್ಕಾರದ ಮೆಟ್ರೊ ಮೊದಲ ಸಲ ಓಡಿದ್ದು 2011ರಲ್ಲಿ, ಅದೂ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಈ ಊರಿನಲ್ಲಿ ಹೇಳಿದ ಹೊತ್ತಿಗೆ ಶುರುವಾಗುವುದು ನಾಟಕ ಮಾತ್ರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಎಲ್ಲ ನಾಟಕವೂ ಹೇಳಿದ ಹೊತ್ತಿಗೆ ಶುರುವಾಗುತ್ತದೆ ಎಂದುಕೊಳ್ಳಬೇಡಿ. ನಾಟಕಕ್ಕೆ ಮೊದಲು ‘ಸಭಾ ಕಾರ್ಯಕ್ರಮ’ ಇಟ್ಟುಕೊಂಡ ಸಂಘಗಳಿವೆ. ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರು ಎರಡು ಪುಟ, ನಾಟಕಕಾರನ ಹೆಸರು ಮುದ್ರಣಾಲಯದ ಹೆಸರಿಗಿಂತ ಒಂದೇ ಒಂದು ಗೆರೆ ಮೇಲೆ. ಆರು ಗಂಟೆಗೆ ಉದ್ಘಾಟನೆ. ಉದ್ಘಾಟಕರು ಬರುವುದು ಏಳಕ್ಕೆ. ದೀಪಕ್ಕೆ ಎಣ್ಣೆ ಇದೆ, ಬತ್ತಿ ಇದೆ, ಬೆಂಕಿಪೊಟ್ಟಣ ಇಲ್ಲ. ಅದು ಸಿಕ್ಕ ಮೇಲೆ ಮೇಲಿನ ಫ್ಯಾನು ನಿಲ್ಲಿಸುವ ಸ್ವಿಚ್ ಸಿಗುವುದಿಲ್ಲ. ಎಂಟು ಕುರ್ಚಿ, ಎಂಟು ಶಾಲು, ಎಂಟು ಪೇಟ, ಎಂಟು ಹಣ್ಣಿನ ಬುಟ್ಟಿ, ಎಂಟು ನೆನಪಿನ ಕಾಣಿಕೆ. ನಿರೂಪಕಿ ಪ್ರತಿಯೊಬ್ಬರನ್ನೂ “ಇವರಿಗೆ ಪರಿಚಯದ ಅಗತ್ಯವಿಲ್ಲ” ಎಂದು ಹತ್ತು ನಿಮಿಷ ಪರಿಚಯಿಸುತ್ತಾರೆ. ಉದ್ಘಾಟಕರು, “ನಾನು ಕಾಲೇಜಿನಲ್ಲಿದ್ದಾಗ ದುರ್ಯೋಧನನ ಪಾತ್ರ ಮಾಡಿದ್ದೆ” ಎಂದು ನೆನೆದು, “ನಿಮ್ಮ ಮತ್ತು ನಾಟಕದ ನಡುವೆ ನಾನು ನಿಲ್ಲುವುದಿಲ್ಲ” ಎಂದು ಮಾತು ಕೊಟ್ಟು ಮುಕ್ಕಾಲು ಗಂಟೆ ನಿಲ್ಲುತ್ತಾರೆ. ಪರದೆಯ ಹಿಂದೆ ಅಸಲಿ ದುರ್ಯೋಧನ ಮೀಸೆಯ ಅಂಟು ಬೆವರಿಗೆ ಬಿಡುವುದನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು, ಜೀವನದಲ್ಲಿ ಮೊದಲ ಸಲ ಭೀಮ ಬೇಗ ಬಂದರೆ ಸಾಕು ಎಂದು ಹಾರೈಸುತ್ತಿರುತ್ತಾನೆ.

ಕೊನೆಗೆ ಉದ್ಘಾಟಕರು “ಇನ್ನೊಂದು ಕಾರ್ಯಕ್ರಮವಿದೆ” ಎಂದು ಎದ್ದರೆ, ಅವರೊಂದಿಗೆ ಅವರ ಹಿಂಬಾಲಕರು, ಅವರನ್ನು ಬೀಳ್ಕೊಡಲು ಸಂಘದ ಪದಾಧಿಕಾರಿಗಳು, ಫೋಟೊಕ್ಕೆ ಪತ್ರಿಕೆಯವರು, ಹೀಗೆ ಅರ್ಧ ಸಭೆ ಖಾಲಿ. ಒಂಬತ್ತೂಕಾಲಿಗೆ ಪರದೆ ಮೇಲೇಳುವಾಗ ಉಳಿದವರು ಕೊನೆಯ ಬಸ್ಸಿನ ಲೆಕ್ಕ ಹಾಕುತ್ತಿರುತ್ತಾರೆ. ಮರುದಿನದ ಪತ್ರಿಕೆಯಲ್ಲಿ ದೀಪ ಹಚ್ಚಿದ ಚಿತ್ರ ಬರುತ್ತದೆ. ಅಡಿಬರಹದ ಕಡೆಯಲ್ಲಿ, “ನಂತರ ನಾಟಕ ಪ್ರದರ್ಶನ ನಡೆಯಿತು.”

ಕತ್ತಲಾದ ಮೇಲಿನ ಕಥೆ ಬೇರೆ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಉತ್ತಮ ಪ್ರೇಕ್ಷಕನ ಲಕ್ಷಣ ಹೇಳಿದ್ದಾನೆ: ಪಾತ್ರ ಸಂತೋಷಪಟ್ಟರೆ ಸಂತೋಷಪಡಬೇಕು, ದುಃಖಿಸಿದರೆ ದುಃಖಿಸಬೇಕು. ಪಾತ್ರ ದುಃಖಿಸುತ್ತಿರುವಾಗ ಅದನ್ನು ವಿಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಬೇಕೇ ಬೇಡವೇ ಎಂಬ ಬಗ್ಗೆ ಮುನಿ ಮೌನ. ಆ ಮೌನವನ್ನು ನಮ್ಮವರು ಸಮ್ಮತಿ ಎಂದುಕೊಂಡಿದ್ದಾರೆ. ‘ದಯವಿಟ್ಟು ಮೊಬೈಲ್ ಸ್ವಿಚ್ ಆಫ್ ಮಾಡಿ’ ಎಂಬ ಪ್ರಕಟಣೆ ಕೇಳಿದಾಗ ಎಲ್ಲರೂ ಪಕ್ಕದವನ ಕಡೆ ನೋಡುತ್ತಾರೆ. ದ್ರೌಪದಿ ಮುಡಿ ಬಿಚ್ಚುವ ಹೊತ್ತಿಗೆ ಐದನೇ ಸಾಲಿನಿಂದ ‘ಕುಣಿಯೋಣ ಬಾರಾ’ ಧಾಟಿಯ ರಿಂಗ್‌ಟೋನ್ ಎದ್ದು, ಅದರ ಒಡೆಯ ಅದನ್ನು ಕತ್ತರಿಸುವ ಬದಲು ಎತ್ತಿ, “ನಾಟಕದಲ್ಲಿದ್ದೀನಿ, ಆಮೇಲೆ ಮಾಡ್ತೀನಿ, ಏನ್ ಸಮಾಚಾರ?” ಎನ್ನುತ್ತಾನೆ.

ಪ್ರತಿ ಪ್ರದರ್ಶನಕ್ಕೂ ಒಬ್ಬ ಇತಿಹಾಸಪುರುಷ ಇರುತ್ತಾರೆ. ಬಿ.ವಿ. ಕಾರಂತರು 1972ರಲ್ಲಿ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ಆಡಿಸಿದ್ದು ಕನ್ನಡ ರಂಗಭೂಮಿಯ ದಿಕ್ಕು ಬದಲಿಸಿದ ಘಟನೆ. ಆ ಬಯಲಿನಲ್ಲಿ ಅಂದು ಎಷ್ಟು ಜನ ಕೂರಬಹುದಿತ್ತೋ ಅದರ ಹತ್ತರಷ್ಟು ಜನ ನಾವು ಅಲ್ಲಿದ್ದೆವು ಎಂದು ಈಗ ಹೇಳುತ್ತಾರೆ. ಈ ಹಿರಿಯರು ಇಂದಿನ ನಾಟಕ ನೋಡಲು ಬರುವುದು ಅದನ್ನು ನೋಡಲಿಕ್ಕಲ್ಲ, ಅಂದಿನದು ಎಷ್ಟು ಚೆನ್ನಾಗಿತ್ತು ಎಂದು ಖಚಿತಪಡಿಸಿಕೊಳ್ಳಲಿಕ್ಕೆ. ಪ್ರದರ್ಶನದ ನಂತರ ‘ಸಂವಾದ’ ಇದ್ದರೆ ಮೈಕು ಮೊದಲು ಅವರ ಕೈಗೇ. “ನನ್ನದೊಂದು ಸಣ್ಣ ಪ್ರಶ್ನೆ” ಎಂದು ಎದ್ದು ಕಾಲು ಗಂಟೆ ಮಾತಾಡುತ್ತಾರೆ. ಪ್ರಶ್ನಾರ್ಥಕ ಚಿಹ್ನೆ ಕೊನೆಗೂ ಬರುವುದಿಲ್ಲ.

ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವಿದ್ದರೆ ಸಭೆಯನ್ನು ನೋಡುವುದೇ ಒಂದು ಸುಖ. 1964ರ ಈ ನಾಟಕಕ್ಕೆ ಅರವತ್ತು ದಾಟಿದೆ. ಅಷ್ಟರಲ್ಲಿ ಎಷ್ಟೋ ಸರ್ಕಾರಗಳು ಬಂದುಹೋಗಿವೆ. ಸುಲ್ತಾನ ರಾಜಧಾನಿ ಬದಲಿಸುತ್ತೇನೆ ಎಂದರೆ ಎಡಗಡೆ ಕೂತವರು ಬಲಗಡೆಯವರನ್ನು ನೋಡಿ ನಗುತ್ತಾರೆ, ತಾಮ್ರದ ನಾಣ್ಯ ಎಂದರೆ ಬಲಗಡೆಯವರು ಎಡಗಡೆಯವರನ್ನು ನೋಡಿ ನಗುತ್ತಾರೆ. ಈ ನಾಟಕ ತನ್ನ ಪಕ್ಷದ ಬಗ್ಗೆ ಎಂದುಕೊಂಡವನು ಇದುವರೆಗೆ ಒಬ್ಬನೂ ಸಿಕ್ಕಿಲ್ಲ. ಅದೇ ಅದರ ದೀರ್ಘಾಯುಷ್ಯದ ಗುಟ್ಟು.

ಬೆಂಗಳೂರಿಗನಿಗೆ ನಾಟಕಕ್ಕೆ ದುಡ್ಡು ಕೊಡಲು ಬರುವುದಿಲ್ಲ ಎಂದರೆ ಅದು ಅಪಪ್ರಚಾರ. ಮುಂಬೈಯಿಂದ ಹಿಂದಿ ಸಿನಿಮಾದ ಮುಖವೊಂದು ನಾಟಕ ಹೊತ್ತು ಬರಲಿ, ಸಾವಿರಾರು ರೂಪಾಯಿಯ ಟಿಕೆಟ್ಟು ಎರಡು ದಿನದಲ್ಲಿ ಖಾಲಿ. ಅಲ್ಲಿ ಯಾರೂ ಪಾಸ್ ಕೇಳುವುದಿಲ್ಲ; ಕೇಳಲು ಆ ನಟನ ಫೋನ್ ನಂಬರು ಇರುವುದಿಲ್ಲ. ನಾಟಕ ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಅಷ್ಟು ದುಡ್ಡು ಕೊಟ್ಟ ಮೇಲೆ ಕೂತಿರುವುದು ನಷ್ಟ. ಕನ್ನಡಕ್ಕೂ ಜನ ಬರುವುದಿಲ್ಲ ಅನ್ನುವ ಹಾಗಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು ಕಲಾಗ್ರಾಮದಲ್ಲಿ ಒಂಬತ್ತು ಗಂಟೆಯ ಅಹೋರಾತ್ರಿ ನಾಟಕ ಮಾಡಿದಾಗ ಜನ ಕಂಬಳಿ ಹೊದ್ದು, ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆದು, ಬೆಳಗಿನ ಜಾವದವರೆಗೆ ಕೂತರು. ಒಂಬತ್ತು ಗಂಟೆ ಕೂರಬಲ್ಲ ಊರು ಒಂದೂವರೆ ಗಂಟೆಯ ನಾಟಕಕ್ಕೆ ಬರಲು “ಟೈಮೇ ಇಲ್ಲ ಸಾರ್” ಎನ್ನುತ್ತದೆ.

ಈ ನಡುವೆ ರಂಗದ ಮೇಲಿರುವವರ ಲೆಕ್ಕವನ್ನೂ ನೋಡಬೇಕು. ಹಗಲು ಸಾಫ್ಟ್‌ವೇರು, ಬ್ಯಾಂಕು, ಶಾಲೆ. ಸಂಜೆ ಯಾರದೋ ಮನೆಯ ತಾರಸಿಯಲ್ಲಿ ಒಂದೂವರೆ, ಎರಡು ತಿಂಗಳ ತಾಲೀಮು. ಕೆಳಗಿನ ಮನೆಯವರು ಪೊಲೀಸಿಗೆ ಫೋನು ಮಾಡುವವರೆಗೆ ಯುದ್ಧದ ದೃಶ್ಯ, ಆಮೇಲೆ ಪಿಸುಮಾತಿನ ದೃಶ್ಯ. ಸಭಾಂಗಣದ ಬಾಡಿಗೆ, ಲೈಟಿನವರ ಬಾಡಿಗೆ, ಸೆಟ್ ಹೊರುವ ಟೆಂಪೊ, ಪ್ರಸಾಧನ, ಎಲ್ಲರಿಗೂ ತಿಂಡಿ. ಟಿಕೆಟ್ ಮಾರುವ ಆ್ಯಪಿನವರು ಪ್ರೇಕ್ಷಕನಿಂದ ‘ಅನುಕೂಲ ಶುಲ್ಕ’ ಎಂದು ಮೇಲೊಂದಿಷ್ಟು ಕಿತ್ತುಕೊಳ್ಳುತ್ತಾರೆ. ಇಡೀ ವ್ಯವಹಾರದಲ್ಲಿ ಅನುಕೂಲವಾಗುವುದು ಅವರೊಬ್ಬರಿಗೇ. ನಟನಿಗೆ ಸಿಗುವ ಸಂಭಾವನೆ ಎರಡು ಇಡ್ಲಿ, ಒಂದು ವಡೆ, ಒಂದು ಗುಂಪು ಫೋಟೊ. ಮೂರು ನಾಟಕ ಆದ ಮೇಲೆ ಧಾರಾವಾಹಿಯವರು ಕರೆದರೆ ಅವನು ಹೋಗುತ್ತಾನೆ. ಆಗ ನಾವೇ, ಪಾಸಿನಲ್ಲಿ ಬಂದು ಅವನನ್ನು ನೋಡಿದವರೇ, “ಪ್ರತಿಭಾವಂತರೆಲ್ಲ ದುಡ್ಡಿನ ಹಿಂದೆ ಹೋಗ್ತಾರೆ ನೋಡಿ” ಎಂದು ಸೋಫಾದಲ್ಲಿ ಕೂತು ಅವನ ಧಾರಾವಾಹಿ ನೋಡುತ್ತೇವೆ.

ಅನುದಾನ ಹೆಚ್ಚಿಸಿ, ಬಡಾವಣೆಗೊಂದು ರಂಗಮಂದಿರ ಕಟ್ಟಿಸಿ ಎಂದು ಸರ್ಕಾರವನ್ನು ಕೇಳುವುದು ಸರಿಯೇ, ಕೇಳುತ್ತಲೇ ಇರೋಣ. ಆದರೆ ಕಟ್ಟಿದ ರಂಗಮಂದಿರದಲ್ಲಿ ಕೂರುವವರನ್ನು ಯಾವ ಇಲಾಖೆಯೂ ಟೆಂಡರ್ ಕರೆದು ಒದಗಿಸುವುದಿಲ್ಲ. ಮುಯ್ಯಿಯವರೇ ಕೂತ ಸಭೆಯಲ್ಲಿ ಒಳ್ಳೆಯ ನಾಟಕಕ್ಕೂ ಕೆಟ್ಟ ನಾಟಕಕ್ಕೂ ಒಂದೇ ಚಪ್ಪಾಳೆ. ಹಾಗಾದಾಗ ಒಳ್ಳೆಯದನ್ನು ಮಾಡಬೇಕೆಂಬ ಹಟ ಯಾರಿಗೆ ಉಳಿದೀತು?

ಆದ್ದರಿಂದ ಮುಂದಿನ ಶನಿವಾರ ಒಂದು ಉಪಕಾರ ಮಾಡಿ. ಪರಿಚಯದ ನಟನಿಗೆ ಫೋನು ಮಾಡಬೇಡಿ. ಇನ್ನೂರು ರೂಪಾಯಿ ಕೊಟ್ಟು ಟಿಕೆಟ್ ಕೊಳ್ಳಿ, ಭಾವಮೈದುನನಿಗೂ ಅವನ ದುಡ್ಡಲ್ಲೇ ಕೊಡಿಸಿ. ಕಾಲು ಗಂಟೆ ಮೊದಲೇ ಬಂದು ಕೂತು, ಫೋನು ಆರಿಸಿ. ನಾಟಕ ಚೆನ್ನಾಗಿದ್ದರೆ ನಾಲ್ಕು ಜನಕ್ಕೆ ಹೇಳಿ. ಕೆಟ್ಟದಾಗಿದ್ದರೆ ಬಾಗಿಲಲ್ಲಿ ಕೈಮುಗಿದು ನಿಂತ ನಿರ್ದೇಶಕರ ಮುಖ ನೋಡಿಯೇ ಕೆಟ್ಟದಾಗಿತ್ತು ಎನ್ನಿ, ಲೈಟಿಂಗಿನ ಸುದ್ದಿ ಎತ್ತಬೇಡಿ. ಹಾಗೆನ್ನುವ ಹಕ್ಕು ಟಿಕೆಟ್ಟಿನ ಜೊತೆಗೆ ಬರುತ್ತದೆ, ಪಾಸಿನ ಜೊತೆಗೆ ಬರುವುದಿಲ್ಲ.